ಮಕ್ಕಳು ಬರೆದಿದ್ದನ್ನ ಓದೋರು ಯಾರು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಲಿ ಓದುಗರೊಬ್ಬರು ಬರೆದಿದ್ರು, ಬಿ.ಎ. ಅನ್ನೋದು ಕೆಲಸಕ್ಕೆ ಬಾರದ ಡಿಗ್ರಿ, ತಾಲ್ಲೂಕು ಕಾಲೇಜುಗಳಲ್ಲಿ ಆರ್ಟ್ಸ್ ಮುಚ್ಚಿಬಿಟ್ಟು ಆ ದುಡ್ಡಲ್ಲಿ ಸ್ಕಿಲ್ ಟ್ರೈನಿಂಗ್ ಕೊಡ್ಲಿ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ, ಮಗ ಬಿ.ಎ. ಮುಗಿಸಿ ಎರಡು ವರ್ಷದಿಂದ ಮನೇಲಿದಾನೆ ಅಂತ ಬರೆದಿದ್ರು, ಆ ಸಂಕಟ ನನಗೆ ಗೊತ್ತು, ಅಂಥ ಎಷ್ಟೋ ಮಕ್ಕಳಿಗೆ ಪಾಠ ಮಾಡಿದವಳು ನಾನೇ. ಆದ್ರೆ ಮುಚ್ಚಿ ಅನ್ನೋ ಮಾತು ಮಾತ್ರ ತಡ್ಕೊಳಕ್ಕಾಗ್ಲಿಲ್ಲ. ಇತಿಹಾಸ ಪಾಠ ಮಾಡ್ತಾ 29 ವರ್ಷ ಕಳೆದು 2018ರಲ್ಲಿ ರಿಟೈರ್ ಆದೆ. ಆಮೇಲೆ ಮಗಳು ಓದ್ತಿದ್ದ ಕಾಲೇಜನ್ನ ಕಣ್ಣಾರೆ ನೋಡ್ಕೊಂಡು ಬಂದೆ. ಅಲ್ಲಿ ಕಂಡಿದ್ದನ್ನ ಇಲ್ಲಿ ಹೇಳಬೇಕು ಅಂತ ಐದಾರು ವರ್ಷದಿಂದ ಮನಸಲ್ಲೇ ಇಟ್ಕೊಂಡಿದೀನಿ, ಈಗ ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ಮಗಳು 2015ರಿಂದ 2019ರವರೆಗೆ ಅಮೆರಿಕಾದ ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಲ್ಲಿ ಓದಿದ್ಲು. ಹಾರ್ವರ್ಡ್ ಅಂದ್ರೆ ನಮ್ಮ ಬೀದಿಯವರಿಗೂ ಗೊತ್ತು, ಗ್ರಿನೆಲ್ ಅಂದ್ರೆ ಯಾರಿಗೂ ಗೊತ್ತಿರ್ಲಿಲ್ಲ, "ಅದೇನು ಯೂನಿವರ್ಸಿಟಿನೂ ಅಲ್ವಂತೆ, ಬರೀ ಕಾಲೇಜಂತೆ, ಅಲ್ಲಿಗ್ಯಾಕೆ ಕಳಿಸ್ತೀರಾ ಮೇಡಂ" ಅಂತ ನಮ್ಮ ಸ್ಟಾಫ್ ರೂಮಲ್ಲೇ ಕೇಳಿದ್ರು. ಅಲ್ಲಿ ಈ ಥರದ ಚಿಕ್ಕ ಖಾಸಗಿ ಕಾಲೇಜುಗಳು ಬೇಕಾದಷ್ಟಿವೆ, ಲಿಬರಲ್ ಆರ್ಟ್ಸ್ ಕಾಲೇಜು ಅಂತಾರೆ. ಆರ್ಟ್ಸ್ ಅಂದ ತಕ್ಷಣ ನಮ್ಮ ಎಚ್.ಇ.ಪಿ. (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಕಾಂಬಿನೇಶನ್ ಅನ್ಕೋಬೇಡಿ, ಫಿಸಿಕ್ಸು, ಗಣಿತ, ಬಯಾಲಜಿ, ಸಂಗೀತ, ತತ್ವಶಾಸ್ತ್ರ ಎಲ್ಲ ಒಂದೇ ಸೂರಿನಡಿ, ಹುಡುಗ್ರು ಇಷ್ಟ ಬಂದ ಹಾಗೆ ಬೆರೆಸ್ಕೊಂಡು ಓದ್ತಾರೆ. ಗ್ರಿನೆಲ್ ಶುರುವಾಗಿದ್ದು 1846ರಲ್ಲಿ. ಇಷ್ಟು ಹಳೇ ಕಾಲೇಜಲ್ಲಿ ಈಗ್ಲೂ ಒಟ್ಟು 1,700 ಚಿಲ್ಲರೆ ವಿದ್ಯಾರ್ಥಿಗಳು, ಅಷ್ಟೆ. ಬೆಳೆಯಕ್ಕಾಗ್ದೆ ಹಾಗೆ ಉಳಿದಿದ್ದಲ್ಲ, ಬೇಕು ಅಂತಲೇ ಚಿಕ್ಕದಾಗಿ ಇಟ್ಕೊಂಡಿದಾರೆ.

ದುಡ್ಡಿನ ವಿಷಯ ಮೊದಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಇವರೇನು ಕೋಟ್ಯಧೀಶರು ಅನ್ಕೋತೀರ. ಆಗ ಅಲ್ಲಿ ಫೀಸು, ಹಾಸ್ಟೆಲ್ಲು, ಊಟ ಎಲ್ಲ ಸೇರಿ ವರ್ಷಕ್ಕೆ 60 ಸಾವಿರ ಡಾಲರ್ ಹತ್ರ, ಈಗ 80 ಸಾವಿರ ದಾಟಿದೆ. ನಮ್ಮನೆಯವರು ಕೆ.ಇ.ಬಿ.ಲಿದ್ರು, ನಾನು ಉಪನ್ಯಾಸಕಿ, ಇಬ್ಬರ ಸಂಬಳ ಸೇರಿಸಿ ಮನೆ ಮಾರಿದ್ರೂ ಆಗ್ತಿರ್ಲಿಲ್ಲ. ಆ ಕಾಲೇಜಲ್ಲಿ ಒಂದು ಪದ್ಧತಿ ಇದೆ, ಸೀಟು ಕೊಟ್ಟ ಮೇಲೆ ಆ ಮನೆಯವರಿಗೆ ಎಷ್ಟು ಕಟ್ಟಕ್ಕಾಗತ್ತೆ ಅಂತ ಲೆಕ್ಕ ಹಾಕಿ ಉಳಿದಿದ್ದನ್ನ ಅವರೇ ಭರಿಸ್ತಾರೆ. ಹೊರದೇಶದ ಮಕ್ಕಳಿಗೆ ಸೀಟು ಸಿಗೋದೇ ಕಷ್ಟ, ಯಾಕಂದ್ರೆ ಸೀಟು ಕೊಡುವಾಗಲೇ ಈ ಖರ್ಚನ್ನೂ ನೋಡ್ತಾರೆ, ಆದ್ರೆ ಸಿಕ್ಕಿದ್ರೆ ಸಿಕ್ತು. ಇವಳಿಗೆ ಸಿಕ್ತು. ಅವರಿಗೆ ಇದು ಸಾಧ್ಯ ಆಗಿದ್ದು 200 ಕೋಟಿ ಡಾಲರ್‌ಗೂ ಹೆಚ್ಚು ಮೂಲಧನ, ಅಂದ್ರೆ ಕಾಲೇಜಿನ ಹೆಸರಲ್ಲಿ ಕೂಡಿಟ್ಟು ಬೆಳೆಸಿದ ದುಡ್ಡು, ಇರೋದ್ರಿಂದ, ಅದರ ಕಥೆ ಆಮೇಲೆ ಹೇಳ್ತೀನಿ.

2019ರ ಏಪ್ರಿಲ್ ಕೊನೇಲಿ ನಾವಿಬ್ರೂ ಹೋದ್ವಿ, ಅವಳ ಪದವಿ ಸಮಾರಂಭ ಮೇ ತಿಂಗಳಲ್ಲಿತ್ತು. ಅಯೋವಾದ ರಾಜಧಾನಿ ಡೆ ಮೊಯಿನ್‌ನಿಂದ ಒಂದು ಗಂಟೆ ದಾರಿ, ಎರಡೂ ಕಡೆ ಉತ್ತು ಬಿಟ್ಟಿರೋ ಕಪ್ಪು ಮಣ್ಣು, ಜೋಳದ ಹೊಲ. ಊರಲ್ಲಿ ಜನ ಒಂಬತ್ತು ಸಾವಿರ ಚಿಲ್ಲರೆ, ನಮ್ಮ ಅರಸೀಕೆರೆಯ ಐದನೇ ಒಂದು ಭಾಗನೂ ಇಲ್ಲ. ಇನ್ನೊಂದು ಹೇಳ್ಬೇಕು, ನಮ್ಮದು ರೈಲ್ವೆ ಜಂಕ್ಷನ್ ಊರಲ್ವಾ, ಅಲ್ಲೂ ಕ್ಯಾಂಪಸ್ ಮಧ್ಯದಲ್ಲೇ ರೈಲು ಹಳಿ ಹಾದುಹೋಗತ್ತೆ, ಗೂಡ್ಸ್ ಗಾಡಿ ಬಂದ್ರೆ ಹುಡುಗ್ರು ಪುಸ್ತಕ ಹಿಡ್ಕೊಂಡು ನಿಂತಿರ್ತಾರೆ. ಮೊದಲನೇ ರಾತ್ರಿ ಆ ಸದ್ದು ಕೇಳ್ತಾ ಮಲಗಿದಾಗ ನನಗೆ ಪರದೇಶ ಅನ್ನಿಸಲೇ ಇಲ್ಲ.

ಈಗ ನಾನು ಹೇಳಬೇಕಾಗಿರೋ ವಿಷಯಕ್ಕೆ ಬರ್ತೀನಿ. ಅಲ್ಲಿ ಎಲ್ಲರೂ ಕಡ್ಡಾಯವಾಗಿ ತಗೋಬೇಕಾದ್ದು ಒಂದೇ ಒಂದು ಕೋರ್ಸು, ಮೊದಲನೇ ಸೆಮಿಸ್ಟರಲ್ಲಿ, ಟ್ಯುಟೋರಿಯಲ್ ಅಂತ. ಹನ್ನೆರಡು ಹದಿಮೂರು ಮಕ್ಕಳು, ಒಬ್ಬರು ಮೇಷ್ಟ್ರು. ವಿಷಯ ಏನಾದ್ರೂ ಆಗಬಹುದು, ಆ ಮೇಷ್ಟ್ರಿಗೆ ಯಾವುದು ಇಷ್ಟಾನೋ ಅದು, ಇವಳಿಗೆ ನೀರಿನ ಬಗ್ಗೆ ಸಿಕ್ತು, ನದಿ, ಅಣೆಕಟ್ಟು, ನೀರಿನ ಜಗಳ. ಆದ್ರೆ ನಿಜವಾಗಿ ಕಲಿಸೋದು ಓದೋದನ್ನ, ಬರೆಯೋದನ್ನ, ಎದುರಿಗೆ ಕೂತು ಮಾತಾಡೋದನ್ನ. ಆ ಮೇಷ್ಟ್ರೇ ಆ ಹನ್ನೆರಡು ಜನಕ್ಕೆ ಸಲಹೆಗಾರರು, ಮೇಜರ್, ಅಂದ್ರೆ ಮುಖ್ಯ ವಿಷಯ, ಯಾವುದು ಅಂತ ಆರಿಸ್ಕೊಳೋವರೆಗೂ ಮುಂದಿನ ಸೆಮಿಸ್ಟರಿಗೆ ಏನು ತಗೋಬೇಕು ಅಂತ ಅವರ ಜೊತೆ ಕೂತೇ ತೀರ್ಮಾನ ಮಾಡ್ಬೇಕು. ಪದವಿಗೆ 124 ಕ್ರೆಡಿಟ್ ಬೇಕು, ಅದರಲ್ಲಿ ಆರಿಸ್ಕೊಂಡ ಮೇಜರ್ ಬಿಟ್ರೆ ಇದನ್ನೇ ಓದು ಅದನ್ನೇ ಓದು ಅಂತ ಪಟ್ಟಿ ಇಲ್ಲ. ಇವಳು ಎಕನಾಮಿಕ್ಸ್ ಅಂತ ಹೋದವಳು ಕೊನೆಗೆ ಬಯಾಲಜಿ ಜೊತೆ ಇತಿಹಾಸ ಮಾಡಿದ್ಲು, ಇತಿಹಾಸ ತಗೊಂಡೆ ಅಂತ ಫೋನ್ ಮಾಡಿ ಹೇಳಿದ ದಿನ ನಾನು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಗಂಟಲು ಕಟ್ಟಿತ್ತು.

ಅವಳ ಮೊದಲನೇ ಪೇಪರು, ಅಂದ್ರೆ ಪ್ರಬಂಧ, ನಾಲ್ಕು ಪುಟದ್ದು, ವಾಪಸ್ ಬಂದಾಗ ಅತ್ಕೊಂಡು ಫೋನ್ ಮಾಡಿದ್ಲು. ಪಿಯುಸಿಲಿ ಕಾಲೇಜಿಗೆ ಫಸ್ಟು ಬಂದ ಹುಡುಗಿ. ಮೇಷ್ಟ್ರು ಪ್ರತಿ ಪ್ಯಾರಾ ಪಕ್ಕದಲ್ಲೂ ಬರೆದಿದ್ರಂತೆ, ಇದು ನೀನು ಓದಿದ್ದು, ಇದರಲ್ಲಿ ನಿನ್ನ ಮಾತು ಎಲ್ಲಿದೆ ಅಂತ. ಕೊನೇಲಿ ಅರ್ಧ ಪುಟ ಒಂದು ಕಾಗದದ ಥರ ಬರೆದು, ಗುರುವಾರ ಬಾ ಕೂತು ಮಾತಾಡಣ ಅಂತ ಹೇಳಿದ್ರಂತೆ. ನಾನು ಆ ಹಾಳೆಗಳನ್ನ ಆಮೇಲೆ ನೋಡಿದೀನಿ. ಅವಳು ಬರೆದಿದ್ದಕ್ಕಿಂತ ಅವರು ಬರೆದಿದ್ದೇನು ಕಮ್ಮಿ ಇಲ್ಲ. ಅದನ್ನ ತಿದ್ದಿ ಮತ್ತೆ ಬರೆದ್ಲು, ಅದನ್ನೂ ಓದಿದ್ರು. ಹೀಗೆ ನಾಲ್ಕು ವರ್ಷ. ಸೆಮಿಸ್ಟರಿಗೆ ನಾಲ್ಕು ಕೋರ್ಸು, ಹೆಚ್ಚುಕಮ್ಮಿ ಪ್ರತಿ ವಾರ ಯಾವುದಾದ್ರೂ ಒಂದಕ್ಕೆ ಬರೆದು ಕೊಡೋದು ಇದ್ದೇ ಇರ್ತಿತ್ತು, ಬರೆದ ಪ್ರತಿಯೊಂದನ್ನೂ ಯಾರೋ ಒಬ್ಬರು ಕೂತು ಓದ್ತಿದ್ರು.

ನಾನು ಹೋದಾಗ ಅವಳ ಮೇಡಂ ಒಬ್ಬರ ಕೋಣೆ ಹೊರಗೆ ಬೆಂಚ್ ಮೇಲೆ ಕೂತಿದ್ದೆ, ಅವರನ್ನ ಭೇಟಿ ಮಾಡ್ಬೇಕಿತ್ತು. ಬಾಗಿಲ ಮೇಲೆ ಆಫೀಸ್ ಅವರ್ಸ್ ಅಂತ ಚೀಟಿ ಅಂಟಿಸಿದ್ರು, ಆ ಹೊತ್ತಲ್ಲಿ ಯಾರು ಬೇಕಾದ್ರೂ ಹೋಗಬಹುದು. ಒಳಗೆ ಒಬ್ಬ ಹುಡುಗ ಕೂತಿದ್ದ, ಬಾಗಿಲು ತೆಗೆದೇ ಇತ್ತು. ಒಂದೇ ಒಂದು ಪ್ಯಾರಾ ಮೇಲೆ ಅವರಿಬ್ರೂ ಇಪ್ಪತ್ತೈದು ನಿಮಿಷ ಮಾತಾಡಿದ್ರು, ಗಡಿಯಾರ ನೋಡಿದೀನಿ. ಅವನು ಅದ್ಯಾವುದೋ ಒಂದು ಪದ ಹಾಕಿದ್ದ, ಅದು ಯಾಕೆ, ಬೇರೆ ಹಾಕಿದ್ರೆ ನೀನು ಹೇಳೋ ಮಾತೇ ಬದಲಾಗತ್ತಲ್ವಾ ಅಂತ. ನನ್ನ 29 ವರ್ಷದ ಸರ್ವಿಸಲ್ಲಿ ಒಬ್ಬ ವಿದ್ಯಾರ್ಥಿಗೆ ನಾನು ಒಂದು ಸಲನೂ ಅಷ್ಟು ಹೊತ್ತು ಕೊಟ್ಟಿಲ್ಲ. ಕೊಡಬಾರ್ದು ಅಂತಲ್ಲ, ನನ್ನ ಫಸ್ಟ್ ಇಯರ್ ಕ್ಲಾಸಲ್ಲಿ 140 ಜನ ಇರ್ತಿದ್ರು, ಬೆಂಚು ಸಾಲದೆ ಕಿಟಕಿ ಕಟ್ಟೆ ಮೇಲೆ ಕೂರ್ತಿದ್ರು, ಎಷ್ಟೋ ಜನದ ಹೆಸರು ವರ್ಷ ಮುಗಿದ್ರೂ ನನಗೆ ಗೊತ್ತಿರ್ತಿರ್ಲಿಲ್ಲ. ಅಸೈನ್‌ಮೆಂಟು ಅಂತ ಬರೆಸ್ತಿದ್ವಿ, ಐ.ಎ. ಮಾರ್ಕ್ಸಿಗೆ, ಅಂದ್ರೆ ಕಾಲೇಜಲ್ಲೇ ಕೊಡೋ ಆಂತರಿಕ ಅಂಕಕ್ಕೆ, ಒಬ್ಬಳು ಬರೆದಿದ್ದನ್ನ ನಲವತ್ತು ಜನ ಇಳಿಸ್ಕೊಂಡು ಬರ್ತಿದ್ರು, ನಾವು ಕೊನೇ ಪುಟಕ್ಕೆ ಸಹಿ ಹಾಕ್ತಿದ್ವಿ. ಅದು ಅವರಿಗೂ ಗೊತ್ತಿತ್ತು. ಯಾರೂ ಓದಲ್ಲ ಅಂತ ಗೊತ್ತಿದ್ಮೇಲೆ ಯಾವ ಮಗು ತಾನೇ ಮನಸಿಟ್ಟು ಬರೆಯತ್ತೆ ಹೇಳಿ.

ಗ್ರಿನೆಲ್‌ನ ಇತಿಹಾಸದಲ್ಲಿ ಒಂದು ಹಂದಿ ಕಥೆ ಇದೆ, ಇದನ್ನ ಮಗಳೇ ಹೇಳಿದ್ದು. ರಾಬರ್ಟ್ ನಾಯ್ಸ್ ಅಂತ ಒಬ್ಬ ಹುಡುಗ 1948ರಲ್ಲಿ ಹಾಸ್ಟೆಲ್ ಪಾರ್ಟಿಗೆ ಅಂತ ಪಕ್ಕದ ತೋಟದಿಂದ ಹಂದಿ ಕದ್ದು ಸಿಕ್ಕಿಬಿದ್ದ. ಹಳ್ಳಿ ನಾಡಲ್ಲಿ ಅದು ದೊಡ್ಡ ಅಪರಾಧ, ಕೇಸಾಗೋ ಹಂಗಿತ್ತು. ಅವನಿಗೆ ಫಿಸಿಕ್ಸ್ ಹೇಳ್ತಿದ್ದ ಗ್ರಾಂಟ್ ಗೇಲ್ ಅನ್ನೋ ಮೇಷ್ಟ್ರು ಮತ್ತೆ ಕಾಲೇಜಿನ ಅಧ್ಯಕ್ಷರು ಮಧ್ಯೆ ಬಿದ್ದು ಮಾತಾಡಿ ಒಂದು ಸೆಮಿಸ್ಟರ್ ಸಸ್ಪೆಂಡಿಗೆ ಮುಗಿಸಿದ್ರು. ಅದೇ ಕಾಲಕ್ಕೆ ಟ್ರಾನ್ಸಿಸ್ಟರ್ ಕಂಡುಹಿಡಿದ ಸುದ್ದಿ ಬಂತು, ಅದನ್ನ ಕಂಡುಹಿಡಿದವರಲ್ಲಿ ಒಬ್ಬರಾದ ಬಾರ್ಡೀನ್ ಗೇಲ್ ಅವರಿಗೆ ಪರಿಚಯ, ಅದನ್ನ ಕಂಡುಹಿಡಿದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯಿಂದ ತರಿಸ್ಕೊಂಡು ಈ ಜೋಳದ ಹೊಲದ ಮಧ್ಯದ ಕಾಲೇಜಲ್ಲಿ ಹುಡುಗ್ರಿಗೆ ತೋರಿಸಿದ್ರು. ನಾಯ್ಸ್ ವಾಪಸ್ ಬಂದು 1949ರಲ್ಲಿ ಪದವಿ ಮುಗಿಸಿ, ಮುಂದೆ ಮೈಕ್ರೋಚಿಪ್ ಕಂಡುಹಿಡಿದವರಲ್ಲಿ ಒಬ್ಬನಾದ, 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದ. ಆಗ ಕಾಲೇಜೂ ಅದರಲ್ಲಿ ದುಡ್ಡು ಹಾಕಿತ್ತು, ಮುಂದೆ ಅದೇ ಬೆಳೀತು. ನನ್ನ ಮಗಳಿಗೆ ಸಿಕ್ಕ ಸಹಾಯದ ಹಣದಲ್ಲಿ ಆ ದುಡ್ಡಿನ ಪಾಲೂ ಇದೆ. ಗೇಲ್ ಅವರಿಗೆ ಆ ಹುಡುಗ ಯಾರು, ಎಂಥವನು ಅಂತ ಗೊತ್ತಿತ್ತು, ಅದಕ್ಕೇ ಅವನ ಪರವಾಗಿ ಹೋಗಿ ಮಾತಾಡಿದ್ರು. 140 ಜನದಲ್ಲಿ ಒಬ್ಬ ಆಗಿದ್ರೆ ಯಾರು ಮಾತಾಡ್ತಿದ್ರು.

ಆರ್ಟ್ಸ್ ಓದಿ ಏನಾಗ್ತಾರೆ ಅಂತ ಆ ಓದುಗರು ಕೇಳಬಹುದು. ಹ್ಯಾರಿ ಹಾಪ್ಕಿನ್ಸ್ ಅಂತ, 1912ರಲ್ಲಿ ಇದೇ ಕಾಲೇಜಿಂದ ಹೊರಬಿದ್ದವರು, 1930ರ ದಶಕದ ಆ ಭೀಕರ ಆರ್ಥಿಕ ಕುಸಿತದಲ್ಲಿ ಅಮೆರಿಕಾದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಲಗೈ ಆಗಿ ಲಕ್ಷಾಂತರ ಜನಕ್ಕೆ ಸರ್ಕಾರದ ಕಡೆಯಿಂದ ಕೆಲಸ ಕೊಡಿಸಿದ್ರು, ನಮ್ಮ ಉದ್ಯೋಗ ಖಾತ್ರಿ ಬರೋಕೆ 70 ವರ್ಷ ಮೊದಲು. ಜಾಝ್ ಸಂಗೀತದ ಹರ್ಬಿ ಹ್ಯಾಂಕಾಕ್ ಇಲ್ಲಿಗೆ ಇಂಜಿನಿಯರಿಂಗ್ ಅಂತ ಬಂದು ಸಂಗೀತಕ್ಕೆ ತಿರುಗಿದವರು, ತಿರುಗಕ್ಕೆ ಬಿಟ್ರು ಅನ್ನೋದು ಮುಖ್ಯ. ನಮ್ಮಲ್ಲಿ ಪಿಸಿಎಂಬಿ ತಗೊಂಡ ಹುಡುಗ ಸಂಗೀತ ಅಂದ್ರೆ ಮನೇಲಿ ಊಟ ಬಿಡ್ತಾರೆ.

ಕ್ಯಾಂಪಸ್ಸಿನ ಬದುಕೂ ಹೀಗೇ. ಹೆಚ್ಚುಕಮ್ಮಿ ಎಲ್ಲರೂ ಹಾಸ್ಟೆಲಲ್ಲೇ ಇರ್ತಾರೆ, ಹುಡುಗ್ರೇ ಕೂತು ತಮ್ಮ ನಿಯಮ ಮಾಡ್ಕೋತಾರೆ, ವಾರ್ಡನ್ ಕೂಗಾಟ ಇಲ್ಲ. 1894ರಿಂದ ವಿದ್ಯಾರ್ಥಿಗಳೇ ನಡೆಸೋ ಪತ್ರಿಕೆ ಇದೆ. ಮಾರ್ಟಿನ್ ಲೂಥರ್ ಕಿಂಗ್ 1967ರ ಅಕ್ಟೋಬರಲ್ಲಿ ಇಲ್ಲಿ ಬಂದು ಮಾತಾಡಿ ಹೋಗಿದ್ರು, ಸಾಯೋಕೆ ಐದು ತಿಂಗಳು ಮುಂಚೆ. ಮಗಳು ಊಟದ ಹಾಲಲ್ಲಿ ವಾರಕ್ಕೆ ಹತ್ತು ಗಂಟೆ ಕೆಲಸ ಮಾಡ್ತಿದ್ಲು, ಪ್ಲೇಟು ತೊಳೆಯೋದು, ಬಡಿಸೋದು. ಅವಳು ಅಲ್ಲಿದ್ದಾಗಲೇ, 2016ರಲ್ಲಿ, ಅಲ್ಲಿ ಕೆಲಸ ಮಾಡೋ ವಿದ್ಯಾರ್ಥಿಗಳೆಲ್ಲ ಸೇರಿ ಸಂಘ ಕಟ್ಟಿದ್ರು, ಕೂಲಿ ಜಾಸ್ತಿ ಮಾಡಿ ಅಂತ ಕಾಲೇಜಿನ ಜೊತೆ ಕೂತು ಒಪ್ಪಂದ ಮಾಡ್ಕೊಂಡ್ರು. ಪ್ಲೇಟು ತೊಳೀತೀನಿ ಅಂತ ಅವಳು ಹೇಳಿದಾಗ ಅವರಪ್ಪ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಸಂಘದ ವಿಷಯ ಹೇಳಿದಾಗ ಮಾತ್ರ, ಅವರೂ ಯೂನಿಯನ್ನಲ್ಲಿ ಇದ್ದವರಲ್ವಾ, ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಬಂದ್ರು.

ಎಲ್ಲ ಚೆನ್ನಾಗಿತ್ತು ಅಂತ ಹೇಳಿದ್ರೆ ಸುಳ್ಳಾಗತ್ತೆ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗತ್ತೆ, ಐದು ಗಂಟೆಗೆಲ್ಲ ಕತ್ತಲು, ಚಿಕ್ಕ ಊರು, ಎಲ್ಲಿಗೂ ಹೋಗಕ್ಕಾಗಲ್ಲ, ಓದೋ ಭಾರ ಬೇರೆ. ಎರಡನೇ ವರ್ಷದ ಜನವರಿಲಿ ವಾಪಸ್ ಬಂದ್ಬಿಡ್ತೀನಿ ಅಂದಿದ್ಲು. ಎಲ್ಲರೂ ಎಲ್ಲರಿಗೂ ಗೊತ್ತಿರೋ ಜಾಗದಲ್ಲಿ ಜಗಳ ಆದ್ರೆ ಮುಖ ಮರೆಸ್ಕೊಳಕ್ಕೂ ಜಾಗ ಇರಲ್ಲ. ಇನ್ನು ದುಡ್ಡಿಲ್ಲದ ಇಂಥ ಚಿಕ್ಕ ಕಾಲೇಜುಗಳು ಅಲ್ಲೇ ಮುಚ್ಚಿಹೋಗ್ತಿವೆ, ಅದೇ ಅಯೋವಾದಲ್ಲಿ 1842ರಲ್ಲಿ ಶುರುವಾಗಿದ್ದ ಅಯೋವಾ ವೆಸ್ಲಿಯನ್ 2023ರಲ್ಲಿ ಬಾಗಿಲು ಹಾಕ್ತು. ಹಾಗಾಗಿ ಗ್ರಿನೆಲ್‌ನ ತಂದು ನಮ್ಮೂರಲ್ಲಿ ಇಡಿ ಅಂತ ನಾನು ಕೇಳ್ತಿಲ್ಲ. ನಮ್ಮ ದೇಶದಲ್ಲೂ ಈಗ ಬೆಂಗಳೂರಿನ ಅಜೀಂ ಪ್ರೇಮ್‌ಜಿ, ಸೋನಿಪತ್‌ನ ಅಶೋಕ ಥರದ ಖಾಸಗಿ ವಿಶ್ವವಿದ್ಯಾಲಯಗಳು ಈ ದಾರಿಲಿ ನಡೀತಿವೆ, ಒಳ್ಳೇದೇ, ಆದ್ರೆ ಕಣಕಟ್ಟೆ, ಬಾಣಾವರದಿಂದ ಬಸ್ಸಲ್ಲಿ ಬರೋ ಹುಡುಗಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಿಟ್ರೆ ಬೇರೆ ಇಲ್ಲ.

ಮತ್ತೆ ಇದು ನಮಗೆ ಗೊತ್ತಿಲ್ಲದ ವಿದ್ಯೆನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಹಿರಿಯಣ್ಣ, ರಾಧಾಕೃಷ್ಣನ್, ಬಿ.ಎಂ.ಶ್ರೀ, ವೆಂಕಣ್ಣಯ್ಯ ಇದ್ದ ಕಾಲದಲ್ಲಿ ಆನರ್ಸ್ ಕ್ಲಾಸಲ್ಲಿ ಬೆರಳೆಣಿಕೆ ಹುಡುಗ್ರು, ಯಾರು ಏನು ಓದ್ತಿದಾನೆ, ಏನು ಬರೀತಿದಾನೆ, ಯಾರಿಗೆ ಊಟಕ್ಕಿಲ್ಲ ಅಂತ ಎಲ್ಲ ಮೇಷ್ಟ್ರಿಗೆ ಗೊತ್ತಿರ್ತಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದವರು 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ಪ್ರಬುದ್ಧ ಕರ್ನಾಟಕ ಅಂತ ಪತ್ರಿಕೆ ಶುರು ಮಾಡಿದ್ರು, ಒಂದು ಕಾಲೇಜಿನ ಸಂಘ! ಹುಡುಗ್ರು ಬರೆಯೋದು, ಮೇಷ್ಟ್ರು ತಿದ್ದೋದು, ಅಚ್ಚು ಹಾಕೋದು, ಹೊಸಗನ್ನಡ ಸಾಹಿತ್ಯ ಎಷ್ಟೋ ಬೆಳೆದಿದ್ದು ಹಾಗೆ. ಆಗ ಓದೋರೇ ಕಮ್ಮಿ ಇದ್ರು, ಮೇಲ್ಜಾತಿ ಗಂಡು ಮಕ್ಕಳೇ ಜಾಸ್ತಿ, ಅದು ನಿಜ. ಈಗ ಎಲ್ಲರ ಮನೆ ಮಕ್ಕಳೂ, ಅದರಲ್ಲೂ ಹೆಣ್ಣುಮಕ್ಕಳು, ಕಾಲೇಜಿಗೆ ಬಂದ್ರು, ಅದು ನಮ್ಮ ರಾಜ್ಯ ಮಾಡಿದ ದೊಡ್ಡ ಕೆಲಸ. ಆದ್ರೆ ಅವರು ಬರೋ ಹೊತ್ತಿಗೆ ಓದಿ ತಿದ್ದೋ ಪದ್ಧತಿನೇ ನಾವು ಬಿಟ್ಟಿದ್ವಿ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ಬಂತು, ಓಪನ್ ಎಲೆಕ್ಟಿವ್ ಬಂತು, ಸೈನ್ಸಿನವರು ಇತಿಹಾಸ ಓದಬಹುದು ಅಂತಾಯ್ತು, ನಾನು ರಿಟೈರಾಗಿದ್ರೂ ಖುಷಿ ಪಟ್ಟೆ. ಆದ್ರೆ ನನ್ನ ಹಳೇ ಸಹೋದ್ಯೋಗಿಗಳನ್ನ ಕೇಳಿದ್ರೆ ಎಲೆಕ್ಟಿವ್ ಕ್ಲಾಸಲ್ಲೂ 120 ಜನ, ಮತ್ತೆ ಅದೇ ನೋಟ್ಸು, ಅದೇ ಗೈಡು. 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷ ಆಯ್ತು. ಮೂರೋ ನಾಲ್ಕೋ ಅಂತ ವರ್ಷಗಟ್ಟಲೆ ವಿಧಾನಸೌಧದಲ್ಲಿ, ಟಿ.ವಿ.ಲಿ ಜಗಳ ಆಡಿದ್ರು, ಒಂದು ಕ್ಲಾಸಲ್ಲಿ ಎಷ್ಟು ಜನ ಇರಬೇಕು, ಅವರು ಬರೆದಿದ್ದನ್ನ ಯಾರು ಓದಬೇಕು ಅಂತ ಒಬ್ಬರೂ ಕೇಳಿದ್ದು ನಾನು ನೋಡ್ಲಿಲ್ಲ. ಪಾಠದ ಹೊರೆ ಹೊತ್ತಿರೋರು ಸಾವಿರಾರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಇದೇ ಕಾಲೇಜಲ್ಲಿ ಇರ್ತೀವೋ ಇಲ್ವೋ ಅನ್ನೋದೇ ಅವರಿಗೆ ಗೊತ್ತಿರಲ್ಲ, ಎಷ್ಟೋ ಜನ ಸಂಜೆ ಬೇರೆ ಕೆಲಸ ಮಾಡ್ತಾರೆ. ಅಂಥವರಿಗೆ ಹುಡುಗನ್ನ ಮೂರು ವರ್ಷ ಗಮನಿಸ್ಕೊಂಡು ಬಾ ಅಂತ ಯಾವ ಬಾಯಲ್ಲಿ ಹೇಳೋದು.

ನಾನು ಕೇಳೋದು ತುಂಬ ಚಿಕ್ಕದು. ಡಿಗ್ರಿ ಮೊದಲನೇ ವರ್ಷ ಒಂದೇ ಒಂದು ಕೋರ್ಸನ್ನ ಹದಿನೈದು ಜನರ ಬ್ಯಾಚ್ ಮಾಡಿ ನಡೆಸಿ. ಲ್ಯಾಬಿಗೆ ಬ್ಯಾಚ್ ಮಾಡ್ತೀವಲ್ಲ, ಇದಕ್ಕೂ ಮಾಡಣ. ಯಾವ ಭಾಷೆಲಾದ್ರೂ ಬರೀಲಿ, ಕನ್ನಡದಲ್ಲೇ ಬರೀಲಿ, ಹದಿನೈದು ದಿನಕ್ಕೊಂದು ಸಲ ಎರಡು ಪುಟ, ತಮ್ಮೂರ ಕೆರೆ ಬಗ್ಗೆನೋ, ಕೊಬ್ಬರಿ ರೇಟಿನ ಬಗ್ಗೆನೋ. ಅದನ್ನ ಓದಿ, ಪಕ್ಕದಲ್ಲಿ ಬರೆದು, ಕರೆದು ಕೂರಿಸಿ ಮಾತಾಡೋದನ್ನ ಉಪನ್ಯಾಸಕರ ವರ್ಕ್‌ಲೋಡಲ್ಲಿ ಲೆಕ್ಕಕ್ಕೆ ತಗೊಳಿ, ಅದಕ್ಕೆ ಬೇಕಾದಷ್ಟು ಜನನ್ನ ಪರ್ಮನೆಂಟ್ ಮಾಡಿ. ಕಟ್ಟಡ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಬರೆಯಕ್ಕೆ, ಯೋಚನೆ ಮಾಡಕ್ಕೆ ಬಂದ ಬಿ.ಎ. ಹುಡುಗ ಮನೇಲಿ ಕೂರಲ್ಲ ಅಂತ ನಾನು ಆಣೆ ಹಾಕಿ ಹೇಳಕ್ಕಾಗಲ್ಲ, ಆದ್ರೆ ಮೂರು ವರ್ಷ ಕಾಲೇಜಿಗೆ ಹೋಗಿ ನನ್ನ ಮಾತು ಅಂತ ಒಂದನ್ನೂ ಒಬ್ಬರೂ ಕೇಳ್ಲಿಲ್ಲ ಅನ್ನೋ ಹುಡುಗನ ಕೈಗೆ ಯಾವ ಸ್ಕಿಲ್ ಸರ್ಟಿಫಿಕೇಟ್ ಕೊಟ್ರೂ ಅವನು ಇಂಟರ್‌ವ್ಯೂಲಿ ತಲೆ ತಗ್ಗಿಸ್ಕೊಂಡೇ ಕೂರ್ತಾನೆ, ಇದನ್ನ ನಾನು ನೋಡಿದೀನಿ.

ಒಂದು ವಿಷಯ ಹೇಳ್ದೆ ಮುಗಿಸಕ್ಕಾಗಲ್ಲ. ಅಮೆರಿಕಾದಿಂದ ಬಂದ್ಮೇಲೆ ಕಾಲೇಜಿನ ಹಳೇ ಬ್ಯಾಗು, ಕಾಗದ ಎಲ್ಲ ತೆಗೆದು ಜೋಡಿಸ್ತಿದ್ದೆ. ಅದರಲ್ಲಿ ನಾಲ್ಕು ಹಾಳೆ ಸಿಕ್ತು, 2009ರ ಬ್ಯಾಚಿನ ಒಬ್ಬ ಹುಡುಗ ಬರೆದಿದ್ದು, ಹೆಸರು ಬರೆದಿಲ್ಲ, ರೋಲ್ ನಂಬರ್ ಮಾತ್ರ ಇದೆ. ಹಾರನಹಳ್ಳಿ ಕಡೆಯವನು. ಅಸೈನ್‌ಮೆಂಟ್ ಅಲ್ಲ, ಅವನಾಗೇ ಬರೆದು ತಂದಿದ್ದು, ಅವನೂರ ಕೆರೆ ಏರಿ ಮೇಲಿರೋ ವೀರಗಲ್ಲಿನ ಬಗ್ಗೆ. ಕೆಳಗಿನ ಪಟ್ಟಿಲಿ ದನ ಹೊಡ್ಕೊಂಡು ಹೋಗ್ತಿರೋರು, ಅಡ್ಡ ನಿಂತ ವೀರ, ಮಧ್ಯದಲ್ಲಿ ಅವನನ್ನ ಕರ್ಕೊಂಡು ಹೋಗ್ತಿರೋ ಅಪ್ಸರೆಯರು, ಮೇಲೆ ಲಿಂಗ, ಎಲ್ಲ ಅಳತೆ ಸಮೇತ ಬರೆದು ಚಿತ್ರನೂ ಬಿಡಿಸಿದಾನೆ. ಓದ್ತೀನಿ ಇಡು ಅಂತ ನಾನು ಅವನಿಗೆ ಅಂದಿದ್ದು ಮಸುಕಾಗಿ ನೆನಪಿದೆ. ಓದಿರ್ಲಿಲ್ಲ. ಹತ್ತು ವರ್ಷ ಬ್ಯಾಗಲ್ಲೇ ಇತ್ತು.

ಈಗ ಓದಿದೀನಿ, ಮೂರು ಸಲ. ಎರಡನೇ ಪುಟದಲ್ಲಿ ಅವನು ಒಂದು ಪ್ರಶ್ನೆ ಕೇಳಿದಾನೆ, ಕಲ್ಲಿನ ಪಟ್ಟಿ ಮೇಲಿರೋ ಅಕ್ಷರ ಯಾವ ಕಾಲದ್ದು, ಇದು ಯಾವುದಾದ್ರೂ ಪುಸ್ತಕದಲ್ಲಿ ಇದೆಯಾ ಅಂತ. ಮೈಸೂರು ಸೀಮೆಯ ಶಾಸನಗಳನ್ನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಹುಡುಕಿದೆ, ಅವನು ಬರೆದ ಊರಿನ ಹೆಸರಲ್ಲಿ ನನಗೆ ಸಿಗ್ಲಿಲ್ಲ. ಕಲ್ಲನ್ನ ನೋಡ್ಬೇಕು. ಆ ಹುಡುಗ ಈ ಪತ್ರಿಕೆ ತರಿಸ್ತಿದ್ರೆ ಒಂದ್ಸಲ ಮನೆಗೆ ಬರ್ಲಿ, ಮನೆ ಬದಲಾಗಿಲ್ಲ, ಹಾಳೆಗಳ ಪಕ್ಕದಲ್ಲಿ ಪೆನ್ಸಿಲಲ್ಲಿ ಬರೆದಿಟ್ಟಿದೀನಿ.

ಇಂತಿ,
ನಿವೃತ್ತ ಇತಿಹಾಸ ಉಪನ್ಯಾಸಕಿ,
ಅರಸೀಕೆರೆ